ಬಸುರಿ ಇರುವಾಗಲೇ ಇನ್ಶೂರೆನ್ಸ್ ನಿಂತುಹೋದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೆಲಸ ಹೋದಾಗ ನನಗೆ ಐದೂವರೆ ತಿಂಗಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ. ಪ್ರಾಜೆಕ್ಟ್ ಮುಗಿಯಿತು ಅಂದರು, ನಮ್ಮ ಟೀಮಿನವರನ್ನು ಒಂದೇ ವಾರದಲ್ಲಿ ಕಳಿಸಿದರು. ಆಗ ಮನೆ ಬಾಡಿಗೆ ಹೇಗೆ, ಕಾರಿನ ಕಂತು ಹೇಗೆ ಅಂತ ಲೆಕ್ಕ ಹಾಕಿದೆ, ಆದರೆ ಇನ್ಶೂರೆನ್ಸ್ ನೆನಪಿಗೇ ಬರಲಿಲ್ಲ. ಮೂರು ವಾರ ಆದಮೇಲೆ ಒಂದು ರಾತ್ರಿ ರಕ್ತ ಕಾಣಿಸಿತು. ಗಾಬರಿಯಲ್ಲಿ ಆಸ್ಪತ್ರೆಗೆ ಓಡಿದೆವು. ಇನ್ಶೂರೆನ್ಸ್ ಕೌಂಟರಿನ ಹುಡುಗಿ ನನ್ನ ಕಾರ್ಡ್ ನಂಬರ್ ಎರಡು ಸಲ ಒತ್ತಿ ನೋಡಿದಳು, ಆಮೇಲೆ ಮಾನಿಟರನ್ನೇ ನಮ್ಮ ಕಡೆ ತಿರುಗಿಸಿ ಮೆಲ್ಲಗೆ ಹೇಳಿದಳು, "ಮೇಡಂ, ಇದು ಆಕ್ಟಿವ್ ಇಲ್ಲ. ಅಡ್ವಾನ್ಸ್ ಕಟ್ಟಬೇಕಾಗುತ್ತೆ." ಮಗು ಚೆನ್ನಾಗಿತ್ತು, ನಾನೂ ಚೆನ್ನಾಗಿದ್ದೆ. ಆದರೆ ಆ ರಾತ್ರಿ ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿ ದುಡ್ಡು ಕೇಳಿದ್ದನ್ನು ನಾನು ಮರೆಯಲಾರೆ.

ಅದಾದ ಮೇಲೆ ಗೆಳತಿಯರು, ಅವರ ತಂಗಿಯರು, ಪರಿಚಯವೇ ಇಲ್ಲದವರು ಕೂಡ ನನ್ನನ್ನು ಇದೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಕೆಲಸ ಬಿಟ್ಟರೆ ಕಂಪನಿ ಇನ್ಶೂರೆನ್ಸ್ ಯಾವತ್ತು ನಿಲ್ಲುತ್ತದೆ?

ಸಾಮಾನ್ಯವಾಗಿ ಕೆಲಸದ ಕೊನೆಯ ದಿನವೇ. ಆ ತಿಂಗಳ ಕೊನೆವರೆಗೂ ಇರುತ್ತದೆ, ಪಾಲಿಸಿ ವರ್ಷ ಮುಗಿಯುವವರೆಗೂ ಇರುತ್ತದೆ ಅಂತ ತುಂಬಾ ಜನ ನಂಬಿಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಇದು ಗ್ರೂಪ್ ಪಾಲಿಸಿ, ಕಂಪನಿಯ ಹೆಸರಲ್ಲಿ ಇರುವುದು. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇರುವಷ್ಟು ದಿನ ಮಾತ್ರ ನಿಮಗೆ ರಕ್ಷಣೆ. ಕೈಯಲ್ಲಿ ಕಾರ್ಡ್ ಇದೆ, ಮೊಬೈಲಿನಲ್ಲಿ ಆ್ಯಪ್ ಇನ್ನೂ ತೆರೆಯುತ್ತಿದೆ ಅನ್ನುವುದಕ್ಕೆಲ್ಲ ಬೆಲೆ ಇಲ್ಲ. ಆಸ್ಪತ್ರೆಗೆ ಸೇರಿದ ದಿನ ಪಾಲಿಸಿ ಚಾಲ್ತಿಯಲ್ಲಿ ಇತ್ತಾ ಅನ್ನುವುದನ್ನೇ ನೋಡುತ್ತಾರೆ.

ಆದ್ದರಿಂದ ಒಂದು ಹಾಳೆಯಲ್ಲಿ ಎರಡು ತಾರೀಕು ಬರೆಯಿರಿ. ಒಂದು, ಕೆಲಸದ ಕೊನೆಯ ದಿನ. ಇನ್ನೊಂದು, ಡಾಕ್ಟರ್ ಕೊಟ್ಟ ಡ್ಯೂ ಡೇಟ್. ಈ ಎರಡರ ನಡುವಿನ ಅಂತರವೇ ನಿಮ್ಮ ಸಮಸ್ಯೆ, ಇಲ್ಲಿ ಹೇಳುವುದೆಲ್ಲ ಅದನ್ನು ಹೇಗೆ ತುಂಬಿಸುವುದು ಅನ್ನುವುದೇ.

ಹಾಗಾದರೆ ಈಗಲೇ ನಾನೇ ಒಂದು ಪಾಲಿಸಿ ತೆಗೆದುಕೊಂಡರೆ ಆಯಿತಲ್ವಾ?

ಆಗುವುದಿಲ್ಲ. ಈ ಮಾತು ಹೇಳಲು ನನಗೇ ಬೇಜಾರು, ಆದರೆ ಸುಳ್ಳು ಭರವಸೆ ಕೊಡುವುದು ಇನ್ನೂ ಕೆಟ್ಟದ್ದು. ನಾವಾಗಿ ಕೊಳ್ಳುವ ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಬರುವುದೇ ಕಡಿಮೆ. ಬಂದರೂ ವೇಟಿಂಗ್ ಪೀರಿಯಡ್, ಅಂದರೆ ಸೌಲಭ್ಯ ಸಿಗುವ ಮುಂಚೆ ಕಾಯಬೇಕಾದ ಅವಧಿ ಇರುತ್ತದೆ, ಕೆಲವದರಲ್ಲಿ 9 ತಿಂಗಳು, ಹೆಚ್ಚಿನವುಗಳಲ್ಲಿ 2ರಿಂದ 4 ವರ್ಷ. ಈಗಾಗಲೇ ಹೊಟ್ಟೆಯಲ್ಲಿರುವ ಮಗುವಿನ ಹೆರಿಗೆಗೆ ಇವತ್ತು ಕೊಂಡ ಪಾಲಿಸಿ ದುಡ್ಡು ಕೊಡುವುದಿಲ್ಲ. ಎಷ್ಟೋ ಕಂಪನಿಗಳು ಬಸುರಿ ಅಂತ ತಿಳಿದರೆ ಹೆರಿಗೆ ಆದಮೇಲೆ ಬನ್ನಿ ಅಂತ ಅರ್ಜಿಯನ್ನೇ ಮುಂದಕ್ಕೆ ಹಾಕುತ್ತವೆ.

"ಹೇಳಬೇಡಿ ಮೇಡಂ, ಫಾರಂನಲ್ಲಿ ಇಲ್ಲ ಅಂತ ಹಾಕಿ, ನಾನು ನೋಡಿಕೊಳ್ಳುತ್ತೇನೆ" ಅನ್ನುವ ಏಜೆಂಟ್ ಸಿಕ್ಕಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಮುಚ್ಚಿಟ್ಟಿದ್ದು ಸ್ಕ್ಯಾನಿಂಗ್ ರಿಪೋರ್ಟಿನ ತಾರೀಕಿನಲ್ಲೇ ಗೊತ್ತಾಗುತ್ತದೆ. ಆಗ ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ರದ್ದಾಗುತ್ತದೆ. ಕಟ್ಟಿದ ದುಡ್ಡಿನ ಜೊತೆ ನೆಮ್ಮದಿಯೂ ಹಾಳು.

ಹೆರಿಗೆ ಖರ್ಚು ಬೇಡ, ಏನಾದರೂ ತೊಂದರೆ ಆದರೆ ಮಾತ್ರ ಸಿಗುತ್ತದಾ?

ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಹೆರಿಗೆಯ ಸೌಲಭ್ಯ ಇಲ್ಲದ ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಒಂದೇ ನಮೂನೆಯ ವಾಕ್ಯ ಇರುತ್ತದೆ, ಪಾಲಿಸಿ ಪುಸ್ತಕದಲ್ಲಿ ಅದರ ಸಂಕೇತ ಎಕ್ಸ್‌ಕ್ಲೂಷನ್ 18. ಹೆರಿಗೆ, ಸಿಸೇರಿಯನ್, ಕಷ್ಟದ ಹೆರಿಗೆ, ಗರ್ಭಪಾತ ಯಾವುದೂ ಬರುವುದಿಲ್ಲ ಅಂತ ಅದರ ಅರ್ಥ. ಎರಡಕ್ಕೆ ಮಾತ್ರ ವಿನಾಯಿತಿ ಇದೆ. ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ಮಗು ನಿಂತರೆ ಅದರ ಚಿಕಿತ್ಸೆ ಬರುತ್ತದೆ. ಅಪಘಾತದಿಂದ ಆದ ಗರ್ಭಪಾತವೂ ಬರುತ್ತದೆ. ಡೆಂಗಿ, ಕಾಲು ಮುರಿತದಂಥವು ಬಸುರಿಗೆ ಸಂಬಂಧ ಇಲ್ಲದವು, ಅವುಗಳಿಗೆ ಮಾಮೂಲಿ ನಿಯಮ. ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಏನೂ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ಗ್ರೂಪ್ ಪಾಲಿಸಿಯನ್ನು ನನ್ನ ಹೆಸರಿಗೆ ಬದಲಾಯಿಸಿಕೊಳ್ಳಬಹುದಾ?

ಬದಲಾಯಿಸಿಕೊಳ್ಳಬಹುದು. ಕಂಪನಿ ಬಿಡುವಾಗ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಹೋಗುವ ಅವಕಾಶ ಇದೆ, ಅದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಕೆಲಸದ ಕೊನೆಯ ದಿನಕ್ಕೆ ಮುಂಚೆಯೇ ಮೇಲ್ ಹಾಕಿ ಕೇಳಿ. ಥೈರಾಯ್ಡ್, ಬಿಪಿ, ಶುಗರ್ ಇದ್ದವರಿಗೆ ಇದರಿಂದ ದೊಡ್ಡ ಉಪಕಾರ, ಯಾಕೆಂದರೆ ಗ್ರೂಪ್‌ನಲ್ಲಿ ಕಳೆದ ವರ್ಷಗಳು ವೇಟಿಂಗ್ ಪೀರಿಯಡ್‌ನಲ್ಲಿ ಲೆಕ್ಕಕ್ಕೆ ಬರುತ್ತವೆ. ಆದರೆ ಗ್ರೂಪ್‌ನಲ್ಲಿದ್ದ ಹೆರಿಗೆ ಸೌಲಭ್ಯ ಹಾಗೆಹಾಗೇ ಜೊತೆಗೆ ಬರುತ್ತದೆ ಅಂತ ನಂಬಬೇಡಿ. ನೀವು ಹೋಗುವ ಪಾಲಿಸಿಯಲ್ಲಿ ಹೆರಿಗೆಯೇ ಇಲ್ಲದಿದ್ದರೆ ಇಲ್ಲ, ಅಷ್ಟೇ. ಈ ಹೆರಿಗೆಗೆ ಎಷ್ಟು ಕೊಡುತ್ತೀರಿ ಅಂತ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ನೀವಾಗಿಯೇ ರಾಜೀನಾಮೆ ಕೊಡಿ ಅಂತ ಎಚ್‌ಆರ್ ಒತ್ತಾಯ ಮಾಡುತ್ತಿದ್ದಾರೆ. ಕೊಡಲಾ?

ಬೇಡ. ಕನಿಷ್ಠ ಇವತ್ತು ಬೇಡ. ಮನೆಗೆ ಹೋಗಿ, ಊಟ ಮಾಡಿ, ಗೊತ್ತಿದ್ದವರ ಹತ್ತಿರ ಮಾತಾಡಿ.

ನಾನು ಮಾಡಿದ ತಪ್ಪು ಇದೇ. ಮೀಟಿಂಗ್ ರೂಮಿನಲ್ಲಿ ಇಬ್ಬರು ಎದುರಿಗೆ ಕೂತಿದ್ದರು, ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ, ಮುಂದಿನ ಕೆಲಸಕ್ಕೆ ತೊಂದರೆ ಆಗಲ್ಲ ಅಂದರು, ಹತ್ತು ನಿಮಿಷದಲ್ಲಿ ನಾನು ಮೇಲ್ ಕಳಿಸಿಬಿಟ್ಟೆ. ನೀರು ಕುಡಿಯಲು ಕೂಡ ಏಳಲಿಲ್ಲ. ಆ ಒಂದು ಮೇಲ್‌ನಿಂದ ನಾನು ಕಳೆದುಕೊಂಡಿದ್ದು ಏನು ಅಂತ ಆಮೇಲೆ ಗೊತ್ತಾಯಿತು.

ಕಾನೂನು ಹೀಗಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ, ಡ್ಯೂ ಡೇಟಿಗೆ ಹಿಂದಿನ 12 ತಿಂಗಳಲ್ಲಿ ನೀವು ಕನಿಷ್ಠ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹೆರಿಗೆ ರಜೆಯಲ್ಲಿ ಇರುವವಳನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಬಸುರಿ ಇರುವಾಗ ಕೆಲಸದಿಂದ ತೆಗೆದುಹಾಕಿದರೂ, ಗಂಭೀರ ದುರ್ನಡತೆಯ ಕಾರಣಕ್ಕೆ ಅಲ್ಲದಿದ್ದರೆ, ಆ ಹೆರಿಗೆ ಸೌಲಭ್ಯದ ದುಡ್ಡು ಅವಳಿಗೆ ಸಿಗಲೇಬೇಕು. ಆದರೆ ಇದೆಲ್ಲ ಅವರು ತೆಗೆದಾಗ. ನೀವೇ ರಾಜೀನಾಮೆ ಬರೆದುಕೊಟ್ಟರೆ ಕಾಗದದ ಮೇಲೆ ನೀವೇ ಬಿಟ್ಟು ಹೋದ ಹಾಗೆ.

ತೆಗೆದ ಆದೇಶ ಕೈಗೆ ಬಂದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ, ಬೇರೆ ಜಿಲ್ಲೆಯವರಿಗೆ ಅವರವರ ಊರಿನ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ.

ಜಗಳ ಆಡುವ ಶಕ್ತಿ ನನಗೆ ಈಗ ಇಲ್ಲ. ಇನ್ಶೂರೆನ್ಸ್ ಒಂದು ಉಳಿದರೆ ಸಾಕು. ಏನು ಕೇಳಲಿ?

ತಾರೀಕು ಕೇಳಿ. ದುಡ್ಡಿಗಿಂತ ಮುಂಚೆ ತಾರೀಕು. ಕೆಲಸದಿಂದ ಕಳಿಸುವಾಗ ಎರಡು ತಿಂಗಳ ಸಂಬಳ ಒಟ್ಟಿಗೆ ಕೊಡುತ್ತೇವೆ ಅಂದರೆ, ಅದರ ಬದಲು ಆ ಎರಡು ತಿಂಗಳು ಉದ್ಯೋಗಿಗಳ ಪಟ್ಟಿಯಲ್ಲೇ ಇಟ್ಟುಕೊಳ್ಳಿ, ಕೆಲಸ ಕೊಡದಿದ್ದರೂ ಪರವಾಗಿಲ್ಲ ಅಂತ ಕೇಳಿ. ಕಂಪನಿಗೆ ಖರ್ಚು ಹೆಚ್ಚು ಕಡಿಮೆ ಅಷ್ಟೇ, ನಿಮಗೆ ಮಾತ್ರ ಇನ್ಶೂರೆನ್ಸ್ ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಕೆಲವು ಕಂಪನಿಗಳು ಕೆಲಸ ಕಳೆದುಕೊಂಡವರಿಗೆ ಇನ್ಶೂರೆನ್ಸ್ ಮಾತ್ರ ಪಾಲಿಸಿ ವರ್ಷದ ಕೊನೆವರೆಗೆ ಮುಂದುವರಿಸಲು ಒಪ್ಪಿದ್ದೂ ಇದೆ. ಬಾಯಿಬಿಟ್ಟು ಕೇಳಿದವರಿಗೆ ಸಿಕ್ಕಿದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳಿಗೆ ಅವಳ ತಂದೆಯ ಆಪರೇಷನ್ ಇತ್ತು, ಅವಳು ಕೇಳಿದಳು, ಆರು ವಾರ ಕೊಟ್ಟರು.

ನೀವೇ ಸ್ವಂತ ಇಷ್ಟದಿಂದ ಕೆಲಸ ಬಿಡುವ ಯೋಚನೆಯಲ್ಲಿದ್ದರೆ, ಹೆರಿಗೆ ರಜೆ ಮುಗಿಯುವವರೆಗೆ ತಡೆಯಿರಿ. ರಜೆಯಲ್ಲಿ ಇರುವಾಗಲೂ ನೀವು ಉದ್ಯೋಗಿಯೇ, ಇನ್ಶೂರೆನ್ಸ್ ನಡೆಯುತ್ತಿರುತ್ತದೆ. ಐದನೇ ತಿಂಗಳಲ್ಲಿ ಸುಸ್ತು ಅಂತ ಬಿಟ್ಟುಬಿಡುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಅವರಿಗೆ ಯಾರೂ ಈ ಮಾತು ಹೇಳಿರುವುದಿಲ್ಲ.

ಗಂಡನ ಕಂಪನಿಯ ಪಾಲಿಸಿಗೆ ಈಗ ಸೇರಬಹುದಾ?

ಮೊದಲು ನೋಡಬೇಕಾದ ದಾರಿ ಇದೇ. ಗ್ರೂಪ್ ಪಾಲಿಸಿಗಳಲ್ಲಿ ಹೆರಿಗೆಗೆ ವೇಟಿಂಗ್ ಪೀರಿಯಡ್ ಮನ್ನಾ ಆಗಿರುವುದೇ ಜಾಸ್ತಿ, ಅಂದರೆ ಸೇರಿದ ದಿನದಿಂದಲೇ ಬರುತ್ತದೆ. ತೊಡಕು ಏನೆಂದರೆ ವರ್ಷದ ಮಧ್ಯದಲ್ಲಿ ಸೇರಿಸುವುದು. ಹೊಸದಾಗಿ ಮದುವೆ ಆದವರನ್ನು, ಹುಟ್ಟಿದ ಮಗುವನ್ನು ಮಧ್ಯದಲ್ಲಿ ಸೇರಿಸುತ್ತಾರೆ. ಈಗಾಗಲೇ ಇರುವ ಹೆಂಡತಿಯನ್ನು ನವೀಕರಣದ ಹೊತ್ತಿಗೆ ಮಾತ್ರ ಅನ್ನುತ್ತಾರೆ. ಆದರೂ "ಹೆಂಡತಿಯ ಕೆಲಸ ಹೋಗಿದೆ, ಅವಳ ಇನ್ಶೂರೆನ್ಸ್ ನಿಂತಿದೆ" ಅಂತ ನಿಮ್ಮ ರಿಲೀವಿಂಗ್ ಲೆಟರ್ ಜೊತೆಗೆ ಗಂಡ ತನ್ನ ಎಚ್‌ಆರ್‌ಗೆ ಆ ವಾರವೇ ಬರೆಯಲಿ. ಕೆಲವರು ಒಪ್ಪುತ್ತಾರೆ. ನವೀಕರಣದ ತಾರೀಕನ್ನೂ ಕೇಳಿಕೊಳ್ಳಿ. ಅದು ಏಪ್ರಿಲ್ 1 ಆಗಿದ್ದು, ನಿಮ್ಮ ಡ್ಯೂ ಡೇಟ್ ಮೇ ಆಗಿದ್ದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು.

ಹೆರಿಗೆಗೆ ಎಷ್ಟು ಮಿತಿ ಇದೆ ಅಂತಲೂ ನೋಡಿ. ಪಾಲಿಸಿ 5 ಲಕ್ಷದ್ದಾದರೂ ಹೆರಿಗೆಗೆ 50 ಸಾವಿರ, 75 ಸಾವಿರ ಅಂತ ಬೇರೆ ಮಿತಿ ಇರುತ್ತದೆ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಬಿಲ್ ಲಕ್ಷ ದಾಟುವುದು ಮಾಮೂಲಿ.

ಹೊಸ ಕೆಲಸ ಸಿಕ್ಕಿದೆ. ಬಸುರಿ ಅಂತ ಹೇಳಿದರೆ ತೊಂದರೆ ಆಗುತ್ತದಾ?

ಕೆಲಸದ ಬಗ್ಗೆ ನಿಮ್ಮ ಮನಸ್ಸು ಏನು ಹೇಳುತ್ತದೋ ನೋಡಿ. ಇನ್ಶೂರೆನ್ಸ್ ಬಗ್ಗೆ ಮಾತ್ರ ಮೂರು ಪ್ರಶ್ನೆ ಕೇಳಲೇಬೇಕು: ಸೇರಿದ ದಿನದಿಂದಲೇ ಪಾಲಿಸಿ ಶುರುವಾಗುತ್ತದಾ, ಹೆರಿಗೆಗೆ ಕಾಯಬೇಕಾ, ಮಿತಿ ಎಷ್ಟು. "ಪಾಲಿಸಿ ಪುಸ್ತಕ ಕಳಿಸಿ" ಅಂತ ಕೇಳಿದರೆ ಯಾರೂ ಅನುಮಾನ ಪಡುವುದಿಲ್ಲ. ರಜೆಗೆ ಬೇಕಾದ 80 ದಿನದ ಲೆಕ್ಕ ಹೊಸ ಕಂಪನಿಯಲ್ಲಿ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಏಳನೇ ತಿಂಗಳಲ್ಲಿ ಸೇರುವವರು ಕ್ಯಾಲೆಂಡರ್ ಹಿಡಿದು ಎಣಿಸಿ ನೋಡಿ.

ನಾನು ಗಾರ್ಮೆಂಟ್ಸ್‌ನಲ್ಲಿ ಇದ್ದೆ, ಇಎಸ್‌ಐ ಕಟ್ಟುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅದೂ ಹೋಯಿತಾ?

ಇಲ್ಲಮ್ಮಾ, ತಕ್ಷಣ ಹೋಗುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಪೀಣ್ಯದ ಕಡೆಯ ಎಷ್ಟೋ ಹೆಣ್ಣುಮಕ್ಕಳು ಕೆಲಸ ಹೋಯಿತು ಅಂದರೆ ಕಾರ್ಡೂ ಹೋಯಿತು ಅಂತ ಸುಮ್ನೆ ಮನೆಯಲ್ಲಿ ಕೂತುಬಿಡುತ್ತಾರೆ.

ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಅದರಲ್ಲಿ ದುಡ್ಡು ಕಟ್ಟುವ ಅವಧಿ ಬೇರೆ, ಸೌಲಭ್ಯ ಸಿಗುವ ಅವಧಿ ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್. ಹಾಗಾಗಿ ನೀವು ಏಪ್ರಿಲ್‌ನಿಂದ ಸೆಪ್ಟೆಂಬರ್ ಪೂರ್ತಿ ದುಡಿದು, ಅಕ್ಟೋಬರ್‌ನಲ್ಲಿ ಕೆಲಸ ಬಿಟ್ಟು, ಫೆಬ್ರವರಿಯಲ್ಲಿ ಹೆರಿಗೆ ಆದರೆ ನಿಮಗೆ ಹಕ್ಕು ಇದೆ. ಹಿಂದಿನ ಎರಡು ಕಟ್ಟುವ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಇದ್ದರೆ 26 ವಾರದ ಹೆರಿಗೆ ಭತ್ಯೆಯೂ ಸಿಗುತ್ತದೆ, ಅದೂ ಪೂರ್ತಿ ಕೂಲಿಯ ಲೆಕ್ಕದಲ್ಲಿ. ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಗಂಡ ಇಎಸ್‌ಐನಲ್ಲಿ ಇದ್ದರೆ ಹೆಂಡತಿಯ ಹೆರಿಗೆಗೂ ಅಲ್ಲಿ ಚಿಕಿತ್ಸೆ ಇದೆ, ಭತ್ಯೆ ಮಾತ್ರ ಇಲ್ಲ.

ಯಾವ ಪಾಲಿಸಿಯೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಸರ್ಕಾರಿ ಆಸ್ಪತ್ರೆ ಅಂದರೆ ಭಯ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ನನಗೂ ಇತ್ತು. ನನ್ನ ಮಗಳು ಹುಟ್ಟಿದ್ದು ತವರೂರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಸಿಸೇರಿಯನ್. ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬ ನರ್ಸಕ್ಕ ನನ್ನ ಕಾಲಿಗೆ ತನ್ನದೇ ಶಾಲು ಹೊದಿಸಿ, "ಚಳಿ ಆಗ್ತಾ ಇದೆಯಾ ಪುಟ್ಟಾ, ಇನ್ನೇನು ಡಾಕ್ಟರ್ ಬಂದ್ರು" ಅಂದರು. ವಾರ್ಡ್‌ನಲ್ಲಿ ಜನ ಜಾಸ್ತಿ ಇದ್ದರು, ಅಮ್ಮ ಎರಡು ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದರು. ಅದೂ ನಿಜ, ಇದೂ ನಿಜ.

ನಿಮ್ಮ ಹಕ್ಕು ಏನು ಅಂತ ತಿಳಿದಿರಲಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಕೂಡ. ಔಷಧ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ರಕ್ತ, ಊಟ, ಹೋಗಿ ಬರುವ ಗಾಡಿ ಎಲ್ಲ ಉಚಿತ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಾಗಿಲ್ಲ, ಆದಾಯದ ಮಿತಿ ಇಲ್ಲ. ನಿನ್ನೆವರೆಗೆ ಐಟಿ ಕಂಪನಿಯಲ್ಲಿ ಇದ್ದವಳಿಗೂ ಇದೆ. ಯಾರಾದರೂ ದುಡ್ಡು ಕೇಳಿದರೆ 104ಕ್ಕೆ ಫೋನ್ ಮಾಡಿ.

ಮೊದಲು ಮಾಡಬೇಕಾದ್ದು ತಾಯಿ ಕಾರ್ಡ್, ಅಂದರೆ ಬಸುರಿಯ ಮತ್ತು ಮಗುವಿನ ತಪಾಸಣೆ ಬರೆದಿಡುವ ಸರ್ಕಾರಿ ಕಾರ್ಡ್. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಥವಾ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಇನ್ಶೂರೆನ್ಸ್ ಚೆನ್ನಾಗಿ ಇರುವವರೂ ಇದನ್ನು ಮಾಡಿಸಿಟ್ಟುಕೊಳ್ಳಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಕೇಂದ್ರಗಳಲ್ಲಿ ಬಸುರಿಯರಿಗೆ ಡಾಕ್ಟರ್ ತಪಾಸಣೆ ಉಚಿತವಾಗಿ ಇರುತ್ತದೆ. ಕಷ್ಟದ ಹೆರಿಗೆ ಅಂತ ಹೇಳಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿ: ಬೆಂಗಳೂರಿನಲ್ಲಿ ವಾಣಿವಿಲಾಸ, ಮೈಸೂರಿನಲ್ಲಿ ಚೆಲುವಾಂಬ, ಮಂಗಳೂರಿನಲ್ಲಿ ಲೇಡಿ ಗೋಷನ್. ಇವು ಹೆರಿಗೆಗೇ ಹೆಸರಾದ ಆಸ್ಪತ್ರೆಗಳು. ನೋವು ಬಂದಾಗ 108.

ಆಯುಷ್ಮಾನ್ ಕಾರ್ಡ್‌ನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬಹುದಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರ್ ಮಾಡುತ್ತಾರೆ, ತುರ್ತು ಪರಿಸ್ಥಿತಿಗೆ ಮಾತ್ರ ವಿನಾಯಿತಿ.

ಸೀಮಂತ ಆದಮೇಲೆ ತವರಿಗೆ ಹೋಗುತ್ತೇನೆ. ಅಲ್ಲಿ ಇನ್ಶೂರೆನ್ಸ್ ನಡೆಯುತ್ತದಾ?

ಒಳ್ಳೆಯ ಪ್ರಶ್ನೆ, ನಮ್ಮ ಕಡೆಯವರು ಎಲ್ಲರೂ ಕೇಳಲೇಬೇಕಾದ್ದು. ಪಾಲಿಸಿ ಇದ್ದೂ ಇಲ್ಲದಂತೆ ಆಗುವುದು ಇಲ್ಲೇ. ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಇರುತ್ತದೆ, ಅಂದರೆ ಬಿಲ್ ನೇರವಾಗಿ ವಿಮಾ ಕಂಪನಿಯೇ ಕಟ್ಟುತ್ತದೆ, ಆದರೆ ನಿಮ್ಮ ತವರೂರಿನ ಹತ್ತಿರದ ನರ್ಸಿಂಗ್ ಹೋಮ್ ಆ ಕಂಪನಿಯ ಆಸ್ಪತ್ರೆಗಳ ಪಟ್ಟಿಯಲ್ಲಿ ಇಲ್ಲದೆ ಇರಬಹುದು. ಸೀರೆ, ಬಳೆ ಲೆಕ್ಕ ಹಾಕುವಾಗಲೇ ಈ ಪಟ್ಟಿಯನ್ನೂ ನೋಡಿಬಿಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ನೀವೇ ಕಟ್ಟಿ ಆಮೇಲೆ ಬಿಲ್ ಕಳಿಸಬೇಕು. ಆಗ ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ರಸೀದಿ, ಔಷಧದ ಚೀಟಿ ಒಂದೂ ಬಿಡದೆ ಎತ್ತಿಡಿ. ಬಾಣಂತನದ ಗಡಿಬಿಡಿಯಲ್ಲಿ ನಮ್ಮ ಮನೆಯಲ್ಲಿ ಒಂದು ಕವರ್ ಹಳೇ ಪೇಪರಿನ ಜೊತೆ ಹೋಗಿಬಿಟ್ಟಿತ್ತು, ಅದಕ್ಕೇ ಹೇಳುತ್ತಿದ್ದೇನೆ.

ಅಮೆರಿಕದಲ್ಲಿ ಇದ್ದೇವೆ, ಗಂಡನ ಎಚ್‌1ಬಿ ವೀಸಾದ ಕೆಲಸ ಹೋಯಿತು, ನನಗೆ ಆರು ತಿಂಗಳು.

ಅಲ್ಲಿನ ಕಾನೂನು ಈ ಒಂದು ವಿಷಯದಲ್ಲಿ ನಮ್ಮದಕ್ಕಿಂತ ವಾಸಿ. 2014ರಿಂದ ಅಲ್ಲಿ ಬಸುರಿ ಅನ್ನುವ ಕಾರಣಕ್ಕೆ ಪಾಲಿಸಿ ನಿರಾಕರಿಸುವ ಹಾಗಿಲ್ಲ. ಕೆಲಸ ಹೋಗಿ ಇನ್ಶೂರೆನ್ಸ್ ನಿಂತರೆ ಮಾರ್ಕೆಟ್‌ಪ್ಲೇಸ್‌ನಲ್ಲಿ (ಅಲ್ಲಿನ ಸರ್ಕಾರಿ ವ್ಯವಸ್ಥೆಯ ಇನ್ಶೂರೆನ್ಸ್ ಮಾರುಕಟ್ಟೆ) ಹೊಸದು ತೆಗೆದುಕೊಳ್ಳಲು 60 ದಿನ ಸಮಯ ಇದೆ. ಇನ್ನೊಂದು ದಾರಿ ಕೋಬ್ರಾ ಅನ್ನುವ ಅಲ್ಲಿನ ಕಾನೂನು. 20 ಅಥವಾ ಜಾಸ್ತಿ ಜನ ಇರುವ ಕಂಪನಿಯಾದರೆ ಅದೇ ಹಳೇ ಪಾಲಿಸಿಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು, ಆದರೆ ಕಂಪನಿಯ ಪಾಲನ್ನೂ ನೀವೇ ಕಟ್ಟಬೇಕು. ಒಪ್ಪಿಕೊಳ್ಳಲು 60 ದಿನ ಇದೆ. ಆಯ್ಕೆ ಮಾಡಿ ಬಾಕಿ ಕಂತು ಕಟ್ಟಿದರೆ ರಕ್ಷಣೆ ನಿಂತ ದಿನದಿಂದಲೇ ಲೆಕ್ಕ. ಕೆಲಸ ಹೋದಮೇಲೆ ಅಲ್ಲಿ ಉಳಿಯಲು ವೀಸಾದಲ್ಲಿ ಸಿಗುವ 60 ದಿನದವರೆಗಿನ ಗಡುವೂ ಇದೇ ಹೊತ್ತಿಗೆ ಓಡುತ್ತಿರುತ್ತದೆ. ಊರಿಗೆ ವಾಪಸ್ ಬರುವ ಯೋಚನೆ ಇದ್ದರೆ ವಿಮಾನ ಹತ್ತಲು ಎಷ್ಟನೇ ವಾರದವರೆಗೆ ಬಿಡುತ್ತಾರೆ ಅಂತ ಮೊದಲು ಕೇಳಿ.

ಪಾಲಿಸಿ ಚಾಲ್ತಿಯಲ್ಲೇ ಇತ್ತು, ಆದರೂ ಕ್ಲೇಮ್ ತಿರಸ್ಕರಿಸಿದರು.

ಕೆಲಸದ ಕೊನೆಯ ವಾರದಲ್ಲಿ ಆಸ್ಪತ್ರೆಗೆ ಸೇರಿದವರಿಗೆ ಹೀಗೆ ಆಗುವುದುಂಟು, ಕಂಪನಿಯವರು ಹೆಸರು ತೆಗೆದ ತಾರೀಕು ಹಿಂದುಮುಂದಾಗಿರುತ್ತದೆ. ಕೊನೆಯ ದಿನ ಯಾವುದು ಅಂತ ತೋರಿಸುವ ರಿಲೀವಿಂಗ್ ಲೆಟರ್ ಸೇರಿಸಿ ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ತಾಣವಾದ ಬಿಮಾ ಭರೋಸಾದಲ್ಲಿ ದಾಖಲಿಸಿ, 155255ಕ್ಕೂ ಫೋನ್ ಮಾಡಬಹುದು. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ, ವಿಮೆಯ ದೂರುಗಳನ್ನು ಬಗೆಹರಿಸುವ ಅಧಿಕಾರಿ ಅವರು, ಬೆಂಗಳೂರಿನಲ್ಲೇ ಕಚೇರಿ ಇದೆ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ.

ಹುಟ್ಟಿದ ಮಗುವಿನ ಇನ್ಶೂರೆನ್ಸ್ ಏನು ಮಾಡಲಿ?

ಗಂಡನಿಗೆ ಗ್ರೂಪ್ ಪಾಲಿಸಿ ಇದ್ದರೆ ಮಗು ಹುಟ್ಟಿದ ದಿನವೇ ಅವರ ಎಚ್‌ಆರ್‌ಗೆ ಮೇಲ್ ಹೋಗಲಿ. ಹೆಸರು ಇಟ್ಟಿಲ್ಲ ಅಂತ ಕಾಯಬೇಡಿ, ಹೆಚ್ಚಿನ ಕಡೆ "ಇಂಥವರ ಮಗು" ಅಂತಲೇ ಸೇರಿಸುತ್ತಾರೆ. 30 ದಿನದ ಗಡುವು ಇರುವುದು ಸಾಮಾನ್ಯ, ನಾಮಕರಣ ಮುಗಿಯುವುದರೊಳಗೆ ಅದು ಕಳೆದಿರುತ್ತದೆ. ನಾವಾಗಿ ಕೊಳ್ಳುವ ಪಾಲಿಸಿಗಳಲ್ಲಿ ಮಗುವನ್ನು 90 ದಿನ ಆದಮೇಲೆ ಸೇರಿಸಿಕೊಳ್ಳುವುದು ಜಾಸ್ತಿ. ಆ ಮೂರು ತಿಂಗಳಲ್ಲಿ ಮಗುವಿಗೆ ಹುಷಾರು ತಪ್ಪಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಆಗಲೂ ಕೇಳುವುದು ತಾಯಿ ಕಾರ್ಡನ್ನೇ. ನಮ್ಮ ಮನೆಯಲ್ಲಿ ಅದು ಈಗಲೂ ಮಗಳ ಲಸಿಕೆ ಚೀಟಿಯ ಜೊತೆ ಬೀರುವಿನ ಮೇಲಿನ ಖಾನೆಯಲ್ಲಿ ಇದೆ.